ಕಿವಿ ಬಂತು, ಕಾಲು ಬಂತು

ಹೌದು, ನಾನು ನಾಯಿಮರಿಯನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀವಿದೆ. ಚನ್ನಗಿರಿಯ ನಮ್ಮ ಬೀದಿಯಲ್ಲಿ, ಹಗಲು ಹೊತ್ತಿನಲ್ಲಿ, ಮನೆ ಮುಂದಿನ ಕಟ್ಟೆಯ ಮೇಲೆ, ಹೋಗುವವರು ಬರುವವರೆಲ್ಲ ನೋಡುವ ಹಾಗೆ. ಐವತ್ತಾರು ವರ್ಷದ ಗಂಡಸು, ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ನಾಲ್ಕು ಜನರಿಗೆ ಅರ್ಜಿ ಬರೆದುಕೊಡುವವನು ಮಾಡುವ ಕೆಲಸವೇ ಇದು ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಹೌದು, ಇದೇ ಕೆಲಸ. ನಿಮಗೂ ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕು ಮುಗಿಸಿ, ಆಮೇಲೆ ಬಟ್ಟಲಿನ ವಿಷಯಕ್ಕೆ ಬರೋಣ.

ಬಟ್ಟಲು ಸಿಕ್ಕಿದ್ದು ಅಟ್ಟದ ಮೇಲೆ. ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಹೊಡೆಸಲು ಸಾಮಾನೆಲ್ಲ ಇಳಿಸುತ್ತಿದ್ದಾಗ, ಒಡೆದ ಜರಡಿಯ ಒಳಗೆ ಅದು ಬೋರಲಾಗಿ ಬಿದ್ದಿತ್ತು. ಹಿತ್ತಾಳೆಯದು, ಅಂಗೈಯಷ್ಟು ಅಗಲ, ಒಂದು ಕಡೆ ಅಂಚು ನೆಗ್ಗಿದೆ. ನನ್ನ ಹೆಂಡತಿ ಗಿರಿಜಾ ಅದನ್ನು ಹಳೆ ಸಾಮಾನಿನವನಿಗೆ ಹಾಕುವ ರಾಶಿಗೆ ಎಸೆದಳು. ನಾನು ರಾಶಿಯಿಂದ ಎತ್ತಿಕೊಂಡು ಮೂಸಿ ನೋಡಿದೆ. ಹರಳೆಣ್ಣೆಯ ಜಿಗುಟು ವಾಸನೆ ಇನ್ನೂ ಹೋಗಿರಲಿಲ್ಲ. ಅದು ಅವ್ವನ ಬಟ್ಟಲು.

ಅವ್ವ ಬಸವಾಪಟ್ಟಣದಲ್ಲಿ ಕೂಸುಗಳಿಗೆ ನೀರು ಹಾಕುತ್ತಿದ್ದಳು. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಹೆರಿಗೆಯಾದ ಮನೆಯಿಂದ ಕರೆ ಬರುತ್ತಿತ್ತು. ಅವ್ವ ಹೋಗಿ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡೂ ಕಾಲು ಚಾಚಿ ಕೂರುತ್ತಿದ್ದಳು. ಆ ಕಾಲುಗಳ ಮೇಲೆ ಹತ್ತು ಹದಿನೈದು ದಿನದ ಕೂಸನ್ನು ಮಲಗಿಸಿ ಎಣ್ಣೆ ನೀವಿ, ಕೈಕಾಲು ಮಡಿಸಿ ಬಿಡಿಸಿ, ಬಿಸಿನೀರು ಹಾಕಿ, ಧೂಪದ ಹೊಗೆ ತೋರಿಸಿ, ದೃಷ್ಟಿಬೊಟ್ಟು ಇಟ್ಟು ತಾಯಿಯ ಕೈಗೆ ಕೊಟ್ಟರೆ ಕೂಸು ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಲಿಂಗಾಯತರ ಮನೆ, ಮುಸಲ್ಮಾನರ ಮನೆ, ಕುರುಬರ ಮನೆ ಎಂದಿಲ್ಲ, ಎಲ್ಲರಿಗೂ ಅವ್ವನೇ ಬೇಕು. ಕೊನೆಯ ದಿನ ಒಂದು ರವಿಕೆ ಕಣ, ಎರಡು ಕೊಬ್ಬರಿ ಬಟ್ಟಲು ಕೊಟ್ಟು ಕಳಿಸುತ್ತಿದ್ದರು. ಸಣ್ಣವನಿದ್ದಾಗ ಎಣ್ಣೆ ಬಟ್ಟಲು ಹಿಡಿದುಕೊಂಡು ಅವಳ ಹಿಂದೆ ಹೋಗುತ್ತಿದ್ದವನು ನಾನು. ಅಂಚು ನೆಗ್ಗಿದ್ದೂ ನನ್ನಿಂದಲೇ.

ಅವ್ವನ ಕೈಯಲ್ಲಿ ಕೂಸುಗಳು ಯಾಕೆ ಅಳುತ್ತಿರಲಿಲ್ಲ ಎಂಬುದಕ್ಕೆ ಊರವರು ಕೈಗುಣ ಎನ್ನುತ್ತಿದ್ದರು. ಕೈಗುಣವೂ ಅಲ್ಲ, ಮಂತ್ರವೂ ಅಲ್ಲ. ಬಟ್ಟಲು ಹಿಡಿದು ಕೂತವನಿಗೆ ಗುಟ್ಟು ಗೊತ್ತಿತ್ತು. ಅವಳು ಮುಟ್ಟುವ ಮುಂಚೆ ಹೇಳುತ್ತಿದ್ದಳು. "ಕಿವಿ ಬಂತು" ಎಂದು ಹೇಳಿಯೇ ಕಿವಿಗೆ ಕೈ ಹಾಕುವುದು. "ಮೂಗು ಬಂತು, ಕಾಲು ಬಂತು" ಎಂದು ಪ್ರತಿಯೊಂದಕ್ಕೂ ಮೊದಲು ಸುದ್ದಿ, ಆಮೇಲೆ ಕೈ. ಇನ್ನೊಂದು, ಕೂಸಿನ ತುಟಿ ಸೊಟ್ಟಗಾಯಿತು ಎಂದರೆ ಅಳು ಹೊರಗೆ ಬರುವ ಮುಂಚೆಯೇ ಕೈ ತೆಗೆದುಬಿಡುತ್ತಿದ್ದಳು. ಇವತ್ತಿಗೆ ಕಿವಿ ಇಷ್ಟು ಸಾಕು, ನಾಳೆ ಒಂದು ಬೆರಳು ಜಾಸ್ತಿ. ಅವಸರ ಮಾಡುವ ಬಾಣಂತಿಯರಿಗೆ ಅವಳು ಒಂದು ಮಾತು ಹೇಳುತ್ತಿದ್ದಳು: "ನಾವು ಹೋಗಬಾರ್ದು ಕಣವ್ವ, ಅದು ಬರ್ಬೇಕು."

ಈಗ ನಾಯಿಮರಿ. ನನ್ನ ಅಣ್ಣ ಕೆರೆಬಿಳಚಿಯಲ್ಲಿದ್ದಾನೆ. ನನಗಿಂತ ಐದು ವರ್ಷ ದೊಡ್ಡವನು. ಅಡಿಕೆ ಬೇಯಿಸಿ ಒಣಗಿಸುವ ಕಣ ಮಾಡಿಕೊಂಡಿದ್ದಾನೆ. ಸುಗ್ಗಿಯಲ್ಲಿ ಅಲ್ಲಿ ನೆಲ ಕಾಣದಷ್ಟು ಅಡಿಕೆ ಹರಡಿರುತ್ತದೆ, ಹಾಗಾಗಿ ಕಾವಲಿಗೆ ನಾಯಿ ಬೇಕೇ ಬೇಕು. ಬಟ್ಟಲು ಸಿಕ್ಕುವುದಕ್ಕೆ ಎರಡು ದಿನ ಮುಂಚೆ ಅವನು ನ್ಯಾಮತಿಯ ಬೀಗರ ಮನೆಯಿಂದ ಒಂದೇ ಸೂಲಿನ ಎರಡು ಗಂಡು ಮರಿ ತಂದ. ಒಂದನ್ನು ಕಣಕ್ಕೆ ಇಟ್ಟುಕೊಂಡು ಹುಲಿ ಎಂದು ಹೆಸರಿಟ್ಟ. ಎರಡೂ ಒಟ್ಟಿಗೆ ಬೆಳೆದರೆ ಆಟ ಆಡಿಕೊಂಡು ಮೆತ್ತಗಾಗುತ್ತವೆ ಎಂದು ಇನ್ನೊಂದನ್ನು ನನ್ನ ಮನೆಯಲ್ಲಿ ಬಿಟ್ಟ. ಆರು ತಿಂಗಳು ನೀನು ಸಾಕು, ಆಮೇಲೆ ಬಂದು ಒಯ್ಯುತ್ತೇನೆ ಎಂದ.

ಕರಾರೂ ಹೇಳಿದ. ಯಾರೂ ಮುಟ್ಟಬಾರದು. ಅನ್ನ ಇಟ್ಟು ದೂರ ಬರಬೇಕು. ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಕಟ್ಟಿಹಾಕಬೇಕು. ನಮ್ಮ ಕಡೆ ಕಣದ ನಾಯಿಗಳು ಹೀಗೇ ತಯಾರಾಗುತ್ತವೆ. ಮನುಷ್ಯರ ಕೈ ತಾಗಿದರೆ ನಾಯಿ ಕೆಟ್ಟುಹೋಗುತ್ತದೆ ಎಂದು ಓದಿದವರೂ ಓದದವರೂ ಒಂದೇ ಬಾಯಲ್ಲಿ ಹೇಳುತ್ತಾರೆ. ನಾನು ತಲೆ ಆಡಿಸಿದೆ. ಅಣ್ಣನ ಮುಂದೆ ತಲೆ ಆಡಿಸುವುದು ನನಗೆ ಐವತ್ತು ವರ್ಷದ ರೂಢಿ.

ಆದರೆ ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗಾಯದ ಕಲೆ ಇದೆ. ಅದು ತಲೆ ಆಡಿಸಲಿಲ್ಲ.

ನಾನು ಒಂಬತ್ತು ವರ್ಷದವನಿದ್ದಾಗ ಬಸವಾಪಟ್ಟಣದ ನಮ್ಮ ಮನೆಯಲ್ಲಿ ಕಾಳ ಎಂಬ ನಾಯಿ ಇತ್ತು. ಅಪ್ಪ ಅದನ್ನು ಇದೇ ರೀತಿ ಸಾಕಿಸಿದ್ದ. ಮರಿಯಿದ್ದಾಗ ಕುತ್ತಿಗೆಗೆ ಒಂದು ಹಗ್ಗ ಕಟ್ಟಿ ಹಿತ್ತಲಿನ ಗೂಟಕ್ಕೆ ಹಾಕಿದ್ದರು. ಮರಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಸಡಿಲ ಮಾಡೋಣ ಎನ್ನುವಷ್ಟರಲ್ಲಿ ಕಾಳ ಯಾರನ್ನೂ ಹತ್ತಿರ ಬಿಡದ ಹಾಗೆ ಆಗಿತ್ತು. ಅಪ್ಪ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ. ಹಗ್ಗ ಚರ್ಮದೊಳಗೆ ಇಳಿಯಿತು, ನೊಣ ಮುತ್ತಿದವು. ಊರಿನ ನೂರು ಕೂಸುಗಳನ್ನು ಕಾಲ ಮೇಲೆ ಮಲಗಿಸಿದ್ದ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು, ಅವಳಿಗೂ ಹತ್ತಿರ ಹೋಗಲು ಆಗಲಿಲ್ಲ. ನಾನು ಬೆಲ್ಲದ ಅಚ್ಚು ಹಿಡಿದು "ಕುತ್ತಿಗೆ ಬಂತು" ಎಂದು ಹೇಳುತ್ತಾ ಹೋದೆ. ಆ ಕಲೆ ಆಗ ಬಿದ್ದದ್ದು. ಎಂಟು ದಿನದ ಮೇಲೆ ಕಾಳ ಸತ್ತಿತು. ನನಗೆ ಅದರ ಮೇಲೆ ಯಾವತ್ತೂ ಸಿಟ್ಟು ಬಂದಿಲ್ಲ. ಮನೆಯವರೆಲ್ಲರ ಮೇಲೂ ಬಂದಿತ್ತು, ಈಗಲೂ ಇದೆ. ಹಾಗಾಗಿ ಬಟ್ಟಲು ಸಿಕ್ಕಿದ ದಿನ ನಾನು ಸಾಮಾನು ಇಳಿಸುವುದನ್ನು ಅಲ್ಲಿಗೇ ಬಿಟ್ಟು, ಪಂಚೆ ಮೇಲೆತ್ತಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ.

ಮೊದಲ ವಾರ ನಡೆದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬಟ್ಟಲು ಎಂದ ಮೇಲೆ ಎಣ್ಣೆ ಬೇಕಲ್ಲ, ಹರಳೆಣ್ಣೆಯನ್ನೇ ಹಾಕಿ ಬೆಚ್ಚಗೆ ಮಾಡಿ ಮರಿಗೆ ತಲೆಯಿಂದ ಬಾಲದವರೆಗೆ ನೀವಿದೆ. ಕೂಸಿಗೂ ನಾಯಿಮರಿಗೂ ಒಂದು ವ್ಯತ್ಯಾಸವಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಕೂಸು ತನ್ನ ಮೈ ತಾನು ನೆಕ್ಕುವುದಿಲ್ಲ. ಮರಿ ಬಿಸಿಲಿಗೆ ಹೋಗಿ ಕೂತು ಮೈಮೇಲಿನ ಎಣ್ಣೆಯನ್ನೆಲ್ಲ ಶ್ರದ್ಧೆಯಿಂದ ನೆಕ್ಕಿ ಮುಗಿಸಿತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಬಾಲ್ಯದಲ್ಲಿ ಕುಡಿದ ನಿಮಗೆ ಹೇಳಬೇಕಾಗಿಲ್ಲ. ಸುಣ್ಣಕ್ಕೆಂದು ನಡುಮನೆಯಲ್ಲಿ ಹರವಿದ್ದ ಸಾಮಾನಿನ ಮಧ್ಯೆ ಅದು ಸಂಜೆಯ ತನಕ ಓಡಾಡಿತು. ಗಿರಿಜಾ ನನ್ನೊಂದಿಗೆ ಮಾತು ಬಿಟ್ಟಳು. ಪಶು ಆಸ್ಪತ್ರೆಯ ಡಾಕ್ಟರಮ್ಮ, ನಗು ತಡೆದುಕೊಂಡು, ನೀವುವುದನ್ನು ಬಿಡಬೇಡಿ, ಎಣ್ಣೆಯನ್ನು ಬಿಡಿ ಎಂದರು. ಅಂದಿನಿಂದ ಬಟ್ಟಲು ಖಾಲಿ. ಆದರೂ ಬೆರಳನ್ನು ಅದರಲ್ಲಿ ಅದ್ದಿಯೇ ಮುಟ್ಟುತ್ತೇನೆ. ರೂಢಿ.

ಕಿವಿ ಬಂತು, ಒಂದು ಚಿಟಿಕೆ ಹೊತ್ತು. ಕಾಲು ಬಂತು, ಉಗುರು ಮುಟ್ಟಿ ಬಿಟ್ಟೆ. ಬಾಯಿ ಬಂತು, ತುಟಿ ಎತ್ತಿ ಹಲ್ಲು ನೋಡಿ ಬಿಟ್ಟೆ. ಮೈ ಬಿಗಿ ಹಿಡಿದರೆ, ಕಣ್ಣಿನ ಬಿಳಿ ಕಂಡರೆ ಅಲ್ಲಿಗೇ ಕೈ ತೆಗೆದು ಒಂದು ಚೂರು ಬೇಯಿಸಿದ ಮೊಟ್ಟೆ. ನಾಳೆ ಒಂದು ಬೆರಳು ಜಾಸ್ತಿ. ಮಧ್ಯೆ ಮಧ್ಯೆ "ಏನ್ ಕೂಸೇ" ಎಂದು ಹಳೆ ಬಾಯಿಚಟದಲ್ಲಿ ಮಾತಾಡಿಸುತ್ತಿದ್ದೆ. ಅದೇ ಅದರ ಹೆಸರಾಯಿತು. ಅಣ್ಣನ ಮನೆಯಲ್ಲಿ ಹುಲಿ, ನಮ್ಮ ಮನೆಯಲ್ಲಿ ಕೂಸು.

ಕೂಸಿಗೆ ಸೂಜಿಯಂಥ ಹಲ್ಲು. ಆಟದ ಭರದಲ್ಲಿ ಕೈ ಹಿಡಿದರೆ ಬಿಡುತ್ತಿರಲಿಲ್ಲ. ಮೂತಿಗೆ ಬಾರಿಸಿ ಎಂದು ಎದುರು ಮನೆಯ ಪಂಚಾಕ್ಷರಪ್ಪ ಹೇಳಿದ. ಅವನು ಕಿರಾಣಿ ಅಂಗಡಿಯವನು, ಇಡೀ ಬೀದಿಗೆ ಬುದ್ಧಿ ಹೇಳುವ ಗುತ್ತಿಗೆ ಹಿಡಿದವನು. ನಾನು ಬಾರಿಸಲಿಲ್ಲ. ಸಣ್ಣವರಿದ್ದಾಗ ಜಗಳವಾದರೆ ಟೂ ಬಿಡುತ್ತಿದ್ದೆವಲ್ಲ, ಅದನ್ನೇ ಮಾಡಿದೆ. ಹಲ್ಲು ತಾಗಿದ ತಕ್ಷಣ "ಟೂ" ಎಂದು ಹೇಳಿ, ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಇಪ್ಪತ್ತು ಎಣಿಸುವುದು. ಒಂದು ದಿನ ಪಂಚಾಕ್ಷರಪ್ಪ ಸೀದಾ ಒಳಗೆ ಬಂದಾಗ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ, ನಾಯಿ ನನ್ನ ಬೆನ್ನು ನೋಡುತ್ತಾ ಕೂತಿತ್ತು. ಯಾರು ಯಾರಿಗೆ ಶಿಕ್ಷೆ ಕೊಟ್ಟಿದ್ದಾರೆ ಎಂದು ಅವನಿಗೆ ತಿಳಿಯಲಿಲ್ಲ, ಸಂಜೆಯೊಳಗೆ ಅದು ಬಸ್ ನಿಲ್ದಾಣದವರೆಗೂ ಸುದ್ದಿಯಾಗಿತ್ತು. ಹತ್ತು ಹನ್ನೆರಡು ದಿನದಲ್ಲಿ ಕೂಸಿನ ಬಾಯಿ ಹತ್ತಿಯಾಯಿತು. ಇದರಿಂದ ಒಂದು ನಷ್ಟವೂ ಆಯಿತು. ನಾನು ದನಿ ಏರಿಸಿದರೆ ಗಿರಿಜಾ ಈಗ ವಾದ ಮಾಡುವುದಿಲ್ಲ, "ಟೂ" ಎಂದು ಗೋಡೆಗೆ ತಿರುಗುತ್ತಾಳೆ. ನನಗೆ ಹತ್ತು ದಿನ ಸಾಲಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಪಂಚಾಕ್ಷರಪ್ಪ ಗಾದೆ ಹೇಳುವುದರಲ್ಲಿ ಗಟ್ಟಿ. ನಾಯಿಗೆ ಸಲಿಗೆ ಕೊಟ್ಟರೆ ಮುಖ ನೆಕ್ಕುತ್ತದೆ ಎಂದ. ನೆಕ್ಕಲಿ, ನನ್ನ ಮುಖಕ್ಕೆ ಬೇರೆ ಗಿರಾಕಿ ಯಾರಿದ್ದಾರೆ ಎಂದೆ. ನಾಯಿ ಬಾಲಕ್ಕೆ ನಳಿಗೆ ಕಟ್ಟಿದರೂ ಡೊಂಕು ಬಿಡದು ಎಂದ. ಬಾಲ ಡೊಂಕಾಗಿರುವುದರಿಂದ ಯಾರಿಗೆ ಏನು ತೊಂದರೆಯಾಗಿದೆ ಎಂದು ನನಗೆ ಈ ವಯಸ್ಸಿಗೂ ಅರ್ಥವಾಗಿಲ್ಲ. ನೋಡಿ, ನಮ್ಮ ಗಾದೆಗಳಲ್ಲಿ ಎತ್ತಿಗೆ ಮರ್ಯಾದೆ ಇದೆ, ಆನೆಗೆ ಇದೆ, ಕತ್ತೆಗೂ ಎಲ್ಲೋ ಒಂದು ಕಡೆ ಕನಿಕರ ಸಿಗುತ್ತದೆ, ನಾಯಿಗೆ ಮಾತ್ರ ಬೈಗುಳವೇ. ಗಾದೆ ಕಟ್ಟಿದವರನ್ನು ಯಾವುದೋ ಕಣದ ನಾಯಿ ಅಟ್ಟಿಸಿಕೊಂಡು ಹೋಗಿರಬೇಕು. ಅದನ್ನು ಆ ರೀತಿ ಬೆಳೆಸಿದವರು ಯಾರು ಎಂದು ಮಾತ್ರ ಯಾರೂ ಗಾದೆ ಕಟ್ಟಲಿಲ್ಲ.

ನನ್ನ ಪಾಠದಲ್ಲಿ ಒಂದು ಎಡವಟ್ಟು ಆಗಿತ್ತು. ಚಾಚಿದ ಕಾಲು ಎಂದರೆ ತನಗಾಗಿಯೇ ಹಾಕಿದ ಹಾಸಿಗೆ ಎಂದು ಕೂಸು ಕಲಿತುಬಿಟ್ಟಿತ್ತು. ಬೇಸಿಗೆಯಲ್ಲಿ ಪಂಚಾಕ್ಷರಪ್ಪನ ಮನೆಯ ಮುಂದೆ ಹೆಂಗಸರು ಕಾಲು ಚಾಚಿ ಕೂತು ಶಾವಿಗೆ ಹೊಸೆಯುತ್ತಿದ್ದರು. ಕೂಸು ಸೀದಾ ಹೋಗಿ ಪಂಚಾಕ್ಷರಪ್ಪನ ತಾಯಿಯ ಕಾಲ ಮೇಲೆ ಅಂಗಾತ ಮಲಗಿ, ಒಂದು ಕಿವಿಯನ್ನು ಅವರ ಕಡೆ ತಿರುಗಿಸಿ ಕೊಟ್ಟಿತು. ಎಂಬತ್ತು ದಾಟಿದ ಆ ಅಜ್ಜಿ ಕೂಗಿಕೊಳ್ಳಲಿಲ್ಲ. ಹಿಟ್ಟಿನ ಕೈಯಲ್ಲೇ ಅದರ ಕಿವಿ ನೀವುತ್ತಾ, "ಇದಕ್ಕೆ ಯಾರೋ ನೀರು ಹಾಕ್ಯಾರೆ" ಎಂದರಂತೆ. ಆ ವರ್ಷದ ಶಾವಿಗೆಯನ್ನು ಅವರ ಸೊಸೆ ಹಸುವಿಗೆ ಹಾಕಿದಳು. ಆ ಮನೆಗೂ ನಮ್ಮ ಮನೆಗೂ ಒಂದು ತಿಂಗಳು ಮಾತಿರಲಿಲ್ಲ, ಗಾದೆಗಳಿಂದಲೂ ಅಷ್ಟು ದಿನ ಬಿಡುವು ಸಿಕ್ಕಿತು.

ಅಷ್ಟರಲ್ಲಿ ಆರು ತಿಂಗಳು ತುಂಬಿತು. ಒಂದು ಭಾನುವಾರ ಬೆಳಿಗ್ಗೆ ಅಣ್ಣ ಗೂಡ್ಸ್ ಗಾಡಿ ತಂದು ಬಾಗಿಲ ಮುಂದೆ ನಿಲ್ಲಿಸಿದ. ಕೈಯಲ್ಲಿ ಹೊಸ ಸರಪಳಿ ಇತ್ತು. ಒಳಗೆ ಗಿರಿಜಾ ಒಲೆಯ ಉರಿ ಸಣ್ಣ ಮಾಡಿದ್ದು ಕೇಳಿಸಿತು. ಅವಳಿಗೂ ಗೊತ್ತಿತ್ತು, ಈಗ ನಾನು ತಲೆ ಆಡಿಸುತ್ತೇನೆ, ಕೂಸು ಗಾಡಿ ಹತ್ತುತ್ತದೆ, ನಾಳೆಯಿಂದ ಕತ್ತಲೆ ಕೋಣೆ.

"ಇದು ಬರಲ್ಲ ಅಣ್ಣಾ" ಎಂದೆ.

ಹೇಳಿ ಮುಗಿಸಿದ ಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಶೌರ್ಯ ಎಂದು ನೀವು ಬರೆದುಕೊಳ್ಳಬೇಕಾಗಿಲ್ಲ. ಐವತ್ತು ವರ್ಷದಲ್ಲಿ ಅವನಿಗೆ ಎದುರಾಡಿದ್ದು ಅದೇ ಮೊದಲು. ಅಣ್ಣ ನನ್ನ ಮುಖವನ್ನೇ ನೋಡಿದ. ಕೊಟ್ಟ ಮಾತು ಏನಾಯಿತು ಎಂದು ಕೇಳಿದ. ಕೊಡಬಾರದಿತ್ತು, ಕೊಟ್ಟೆ, ಈಗ ವಾಪಸ್ ತಗೊಂಡೆ ಎಂದೆ. ಬೀದಿಯಲ್ಲಿ ನಾನು ನಗೆಪಾಟಲಾಗಿರುವುದು ಕೆರೆಬಿಳಚಿಯವರೆಗೂ ಬಂದಿದೆ ಎಂದ. ದಾವಣಗೆರೆಯವರೆಗೂ ಹೋಗಲಿ ಎಂದೆ. ಅವನು ಮೊಣಕಾಲು ನೋವಿನವನು, ಹೆಚ್ಚು ಹೊತ್ತು ನಿಲ್ಲಲಾರ. ಸರಪಳಿಯನ್ನು ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತು, ಉಸ್ಸೆಂದು ಎರಡೂ ಕಾಲು ಚಾಚಿದ.

ಮುಂದೆ ಏನಾಯಿತು ಎಂದು ನೀವು ಊಹಿಸಿರುತ್ತೀರಿ. ಕೂಸು ಒಳಗಿನಿಂದ ಬಂದು, ಅಣ್ಣನ ಕಾಲ ಮೇಲೆ ಅಂಗಾತ ಮಲಗಿ, ಕುತ್ತಿಗೆ ಎತ್ತಿ ಕೊಟ್ಟಿತು. ಅಣ್ಣ ಎರಡೂ ಕೈ ಮೇಲೆತ್ತಿದವನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಾಗೇ ಕೂತ. ಆಮೇಲೆ ಅದರ ಕುತ್ತಿಗೆ ಪಟ್ಟಿಯನ್ನೇ ನೋಡುತ್ತಾ, "ಇದು ಪಟ್ಟಿ ಒಳಗೆ ಬೆರಳು ಹಾಕಾಕೆ ಬಿಡ್ತೈತೇನೋ" ಎಂದು ಕೇಳಿದ.

ನಾನು ಪಕ್ಕದಲ್ಲಿ ಕೂತು "ಕುತ್ತಿಗೆ ಬಂತು" ಎಂದು ಹೇಳಿ ಮೂರು ಬೆರಳನ್ನು ಪಟ್ಟಿಯ ಒಳಗೆ ಹಾಕಿ ಒಂದು ಸುತ್ತು ತಿರುಗಿಸಿ ತೋರಿಸಿದೆ. ಕೂಸು ಆಕಳಿಸಿತು. ಅಣ್ಣನ ಮುಖ ಯಾಕೋ ಸರಿಯಿರಲಿಲ್ಲ.

"ಹುಲಿದು ಬಿಗಿಯಾಗೈತೆ ಕಣೋ" ಎಂದ. "ಹದಿನೈದು ದಿನ ಆತು. ಯಾರನ್ನೂ ಹತ್ರ ಬಿಡಲ್ಲ."

ಮೇಲೆತ್ತಿದ್ದ ಅವನ ಕೈ ಮೆಲ್ಲಗೆ ಇಳಿದು ಕೂಸಿನ ಎದೆಯ ಮೇಲೆ ಕೂತಿತು.

"ಕಾಳಂಗೆ ಹಗ್ಗ ಕಟ್ಟಿದ್ದು ನಾನೇ ಅಲ್ವೇನೋ. ಅಪ್ಪ ಹೇಳಿದ್ದ, ಕಟ್ಟಿದೆ. ಆಮೇಲೆ ಬಿಚ್ಚಾಕೆ ಆಗ್ಲಿಲ್ಲ."

ಇದನ್ನು ಅವನು ನಲವತ್ತೇಳು ವರ್ಷ ಯಾರಿಗೂ ಹೇಳಿರಲಿಲ್ಲ. ನಾನು ಅಪ್ಪ ಕಟ್ಟಿದ್ದು ಎಂದುಕೊಂಡೇ ಸಿಟ್ಟು ಮಾಡಿಕೊಂಡಿದ್ದೆ. ಮನೆಯವರ ಮೇಲಿನ ಸಿಟ್ಟು ಇನ್ನೂ ಇದೆ ಎಂದು ಮೇಲೆ ಹೇಳಿದೆನಲ್ಲ, ಅದರಲ್ಲಿ ಇವನ ಪಾಲು ಎಷ್ಟು ಎಂದು ಆ ಕ್ಷಣಕ್ಕೆ ಲೆಕ್ಕ ಹಾಕಲು ಹೋದೆ, ಆಗಲಿಲ್ಲ. ಹದಿನಾಲ್ಕು ವರ್ಷದವನು ಗೂಟದ ಹತ್ತಿರ ನಿಂತಿದ್ದದ್ದು ಕಣ್ಣಿಗೆ ಬಂತು, ಅಷ್ಟೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಭಾನುವಾರವಾದರೂ ಅವರು ಅದೇ ಗೂಡ್ಸ್ ಗಾಡಿಯಲ್ಲಿ ಡ್ರೈವರನ ಪಕ್ಕ ಕೂತು ಕೆರೆಬಿಳಚಿಗೆ ಬಂದರು. ಮಂಪರು ಬರುವ ಔಷಧವನ್ನು ಮಾಂಸದಲ್ಲಿ ಹಾಕಿ ಎಸೆದು, ಹುಲಿ ಮಲಗುವವರೆಗೆ ಕಾದು, ಪಟ್ಟಿ ಕತ್ತರಿಸಿ ತೆಗೆದರು. ಪಟ್ಟಿಯ ಕೆಳಗೆ ಏನಿತ್ತು ಎಂದು ನಾನು ಬರೆಯುವುದಿಲ್ಲ. ಇನ್ನೊಂದು ವಾರ ತಡೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಅಣ್ಣ ಹುಲಿಯನ್ನು ಮಲಗಿಸಿದ್ದ ಟಾರ್ಪಾಲಿನ ಮೂಲೆ ಹಿಡಿದುಕೊಂಡು ನಿಂತಿದ್ದ. ತಂದಿದ್ದ ಹೊಸ ಸರಪಳಿಯನ್ನು ಗಾಡಿಯಿಂದ ಇಳಿಸಲೇ ಇಲ್ಲ.

ಹುಲಿಯ ಗಾಯ ಮಾಗಿದೆ. ಆದರೆ ಮನುಷ್ಯರ ಕೈ ಕಂಡರೆ ಈಗಲೂ ಹಲ್ಲು ಕಾಣಿಸುತ್ತದೆ. ದೊಡ್ಡ ನಾಯಿ, ಇನ್ನು ಅದು ತಿದ್ದಿಕೊಳ್ಳುವುದಿಲ್ಲ, ಸುಮ್ಮನೆ ಯಾಕೆ ಬಸ್ ಹತ್ತಿ ಇಳಿಯುತ್ತೀರಿ ಎಂದು ಪಂಚಾಕ್ಷರಪ್ಪ ಹೇಳಿದ. ಹುಟ್ಟು ಗುಣ ಸುಟ್ಟರೂ ಹೋಗದು ಎಂದೂ ಸೇರಿಸಿದ. ಅದೇ ಸೂಲಿನ ಇನ್ನೊಂದು ನಾಯಿ ಆಗ ಅವನ ತಾಯಿಯ ಕಾಲ ಮೇಲೆ ಮಲಗಿತ್ತು. ಹಾಗಾಗಿ ನಾನು ಬಸ್ ಹತ್ತಿದೆ. ವಾರಕ್ಕೆ ನಾಲ್ಕು ದಿನ ಅಂಗಡಿ ತೆಗೆಯುವ ಮುಂಚೆ ಕೆರೆಬಿಳಚಿಗೆ ಹೋಗುತ್ತೇನೆ. ಕಣದ ಮೂಲೆಯಲ್ಲಿ, ಡಾಕ್ಟರಮ್ಮ ಅವತ್ತು ಹುಲಿಯ ಎದೆಗೆ ಹಾಕಿದ ಸಡಿಲ ಪಟ್ಟಿಯ ಹಗ್ಗ ಮುಟ್ಟದಷ್ಟು ದೂರದಲ್ಲಿ, ಖಾಲಿ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಕಾಲು ಚಾಚಿ ಕೂರುತ್ತೇನೆ. ಮೊಟ್ಟೆಯ ಚೂರು ಎಸೆಯುತ್ತೇನೆ. ಮುಟ್ಟುವುದಿರಲಿ, ಇನ್ನೂ "ಕಿವಿ ಬಂತು" ಎಂದು ಹೇಳುವ ಹಂತಕ್ಕೂ ಬಂದಿಲ್ಲ. ಅಡಿಕೆ ಹರಡುವ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಎರಡು ತಿಂಗಳಲ್ಲಿ ಹುಲಿ ಗೋಡೆಯ ಪಕ್ಕದಿಂದ ನಾಲ್ಕು ಹೆಜ್ಜೆ ಈಚೆ ಬಂದಿದೆ. ಎರಡು ತಿಂಗಳಿಗೆ ನಾಲ್ಕು ಹೆಜ್ಜೆ ಕಡಿಮೆ ಎನ್ನುವವರು ತಮ್ಮ ತಮ್ಮ ಮನೆಯಲ್ಲಿ ಅಷ್ಟೇ ದಿನಕ್ಕೆ ಯಾರ ಹತ್ತಿರ ಎಷ್ಟು ಹೆಜ್ಜೆ ಹೋಗಿದ್ದಾರೆ ಎಂದು ಎಣಿಸಿಕೊಳ್ಳಲಿ.

ನಿನ್ನೆ ಹುಲಿ ಐದನೆಯ ಹೆಜ್ಜೆ ಇಟ್ಟು, ನೆಲದ ಮೇಲೆ ಗದ್ದ ಊರಿ ನನ್ನ ಕಾಲನ್ನೇ ನೋಡುತ್ತಾ ಮಲಗಿತು. ನನಗೆ ಆಸೆ ತಡೆಯಲಿಲ್ಲ. ಕೂತಲ್ಲಿಂದಲೇ ಒಂದು ಗೇಣು ಮುಂದಕ್ಕೆ ಜರುಗಲು ನೋಡಿದೆ. ಆಗ ಬೆನ್ನ ಹಿಂದೆ ಚಪ್ಪಲಿ ಸದ್ದಾಯಿತು. ಅಣ್ಣ ಬಂದು, ಆಳುಗಳೆಲ್ಲ ನೋಡುತ್ತಿದ್ದ ಹಾಗೇ, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ನನ್ನ ಪಕ್ಕದಲ್ಲಿ ಕಾಲು ಚಾಚಿ ಕೂತ.

"ನೀನು ಹೋಗಬ್ಯಾಡ" ಎಂದ. "ಅದು ಬರ್ಲಿ."